ರಾತ್ರಿಯ ಗಂಟೆಯನ್ನು ಬೆಳಗಿಗೆ ದಾಟಿಸುವುದು: ಸಮಯ ನುಂಗುವ ಹವ್ಯಾಸ ಬಿಟ್ಟು ಗುರಿಯ ಕಡೆ ಹೊರಳಲು ಸಮಗ್ರ ಮಾರ್ಗದರ್ಶಿ

ನನಗೆ ಹಿಡಿದಿದ್ದದ್ದು ಆನ್‌ಲೈನ್ ಚೆಸ್ ಹುಚ್ಚು. ಅದರಲ್ಲೂ 3 ನಿಮಿಷದ ಬ್ಲಿಟ್ಜ್. ಒಬ್ಬೊಬ್ಬರಿಗೆ 3 ನಿಮಿಷ, ಒಂದು ಆಟ ಎಳೆದಾಡಿದರೂ 6 ನಿಮಿಷ. 6 ನಿಮಿಷದಲ್ಲಿ ಯಾರ ಬದುಕು ಮುಳುಗಿಹೋಗುತ್ತದೆ ಅಂದುಕೊಂಡು 3 ವರ್ಷ ಆಡಿದೆ. ಆ 3 ವರ್ಷವೂ ನನ್ನ ಸ್ನಾತಕೋತ್ತರ ಪದವಿಯ ಪ್ರಬಂಧ ಎರಡನೇ ಅಧ್ಯಾಯದಲ್ಲೇ ಕೂತಿತ್ತು. ಕೊನೆಗೊಂದು ದಿನ ಆ್ಯಪ್ ತೆಗೆದುಹಾಕಿದೆ. ತಿಂಗಳು ಕಳೆಯಿತು. ಪ್ರಬಂಧಕ್ಕೆ ಸೇರಿದ್ದು 2 ಪುಟ.

ಲೆಕ್ಕ ತಾಳೆಯಾಗಲಿಲ್ಲ. ವಾರಕ್ಕೆ ಸುಮಾರು 15 ಗಂಟೆ ಉಳಿಸಿದ್ದೆ. ಅಷ್ಟೂ ಎಲ್ಲಿಗೆ ಹೋದವು? ಹುಡುಕಿದಾಗ ಸಿಕ್ಕ ಉತ್ತರವೇ ಈ ಬರಹದ ತಿರುಳು. ಚೆಸ್ ಬಿಟ್ಟಿದ್ದರಿಂದ ನನಗೆ ಸಿಕ್ಕಿದ್ದು ರಾತ್ರಿ ಹತ್ತರ ಮೇಲಿನ ಗಂಟೆಗಳು. ಪ್ರಬಂಧ ಕೇಳುತ್ತಿದ್ದದ್ದು ತಲೆ ತಿಳಿಯಾಗಿರುವ ಗಂಟೆಗಳನ್ನು. ದಣಿದ ತಲೆಯಲ್ಲಿ ಬ್ಲಿಟ್ಜ್ ಆಡಬಹುದು, ಪ್ರಬಂಧ ಬರೆಯಲಾಗುವುದಿಲ್ಲ. ಹವ್ಯಾಸ ಬಿಡುವುದು ಈ ಕೆಲಸದ ಅರ್ಧ ಮಾತ್ರ. ಖಾಲಿಯಾದ ಸಮಯವನ್ನು ಕೆಲಸಕ್ಕೆ ಬರುವ ಜಾಗಕ್ಕೆ ಸಾಗಿಸುವುದು ಇನ್ನರ್ಧ, ಮತ್ತು ಅದೇ ಕಷ್ಟದ್ದು.

ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ನಾನು ಉಲ್ಟಾ ಕ್ರಮದಲ್ಲಿ ಮಾಡಿ ಕೈ ಸುಟ್ಟುಕೊಂಡವನು.

ಹೆಜ್ಜೆ 1: ತಪ್ಪು ಹವ್ಯಾಸದ್ದೇ ಹೌದಾ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗುರಿ ಮುಂದಕ್ಕೆ ಹೋಗದಿದ್ದಾಗ ಬೈಯಲು ಕೈಗೆ ಮೊದಲು ಸಿಗುವುದು ಹವ್ಯಾಸವೇ. ಹಾಗಾಗಿ ಏನನ್ನಾದರೂ ಬಿಡುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು: ನಾಳೆ ಬೆಳಿಗ್ಗೆ ಯಾರೋ ನಿಮಗೆ 40 ನಿಮಿಷ ಪುಕ್ಕಟೆ ಕೊಟ್ಟರು ಅಂತಿಟ್ಟುಕೊಳ್ಳಿ. ಆ 40 ನಿಮಿಷದಲ್ಲಿ ಗುರಿಗಾಗಿ ನಿಖರವಾಗಿ ಏನು ಮಾಡುತ್ತೀರಿ? ಒಂದು ಸಾಲಿನಲ್ಲಿ ಬರೆಯಿರಿ. ‘ಪ್ರಬಂಧದ ಕೆಲಸ’ ಅಂತ ಬರೆದರೆ ಅದು ಉತ್ತರವಲ್ಲ. ‘ಮೂರನೇ ಅಧ್ಯಾಯದ ಮೊದಲ ಕೋಷ್ಟಕದ ಮೊತ್ತ ಮೂಲ ದಾಖಲೆಗೆ ಹೊಂದುತ್ತದಾ ಅಂತ ನೋಡುವುದು’ ಎಂದರೆ ಉತ್ತರ. ‘ಕೋಡಿಂಗ್ ಕಲಿಯಬೇಕು’, ‘ತೂಕ ಇಳಿಸಬೇಕು’, ‘ಸ್ವಂತದ್ದೇನಾದರೂ ಶುರು ಮಾಡಬೇಕು’ ಇವು ಆಸೆಗಳು. ಇವುಗಳಿಗೆ ಇನ್ನೂ ನಾಳೆಯ ಕೆಲಸ ಅಂತ ಒಂದಿಲ್ಲ. ಆ ಸಾಲು ಬರೆಯಲಾಗದಿದ್ದರೆ ಹವ್ಯಾಸವನ್ನು ಸದ್ಯ ಅದರ ಪಾಡಿಗೆ ಬಿಟ್ಟು ಗುರಿಯನ್ನೇ ಇನ್ನಷ್ಟು ತುಂಡು ಮಾಡಿ.

ಎರಡನೆಯದು: ಹಿಂದಿನ ಒಂದು ವರ್ಷದಲ್ಲಿ ಬೇರೆ ಕಾರಣಕ್ಕೆ ಹವ್ಯಾಸ ತಪ್ಪಿದ ವಾರ ಯಾವುದಾದರೂ ಇತ್ತಾ? ಫೋನ್ ಕೆಟ್ಟಿತ್ತು, ಕಾಲು ಉಳುಕಿತ್ತು, ಮೈದಾನ ಮುಚ್ಚಿತ್ತು. ಆ ವಾರ ಗುರಿಯ ಕೆಲಸ ಒಂದಿಂಚಾದರೂ ಸರಿಯಿತಾ? ಇಲ್ಲವಾದರೆ ಹವ್ಯಾಸ ಬಿಟ್ಟ ಮೇಲೂ ಅದೇ ಆಗುವ ಸಂಭವ ಜಾಸ್ತಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರು, ಹತ್ತಿರದವರನ್ನು ಕಳೆದುಕೊಂಡು ಇನ್ನೂ ಚೇತರಿಸಿಕೊಳ್ಳದವರು, ದಿನದಲ್ಲಿ ಉಸಿರಾಡಲು ಇರುವುದೇ ಆ ಒಂದು ಗಂಟೆ ಅನ್ನುವವರು ದಯವಿಟ್ಟು ಈಗ ಏನನ್ನೂ ಬಿಡಬೇಡಿ. ಅದು ಕಾಯಬಹುದು. ಇದಕ್ಕೆ ಉಲ್ಟಾ ಇನ್ನೊಂದು ತುದಿ ಇದೆ. ನಿಲ್ಲಿಸಬೇಕು ಅಂದುಕೊಂಡರೂ ನಿಲ್ಲಿಸಲಾಗದೆ, ಊಟ ನಿದ್ದೆ ಕೆಲಸ ಎಲ್ಲಕ್ಕಿಂತ ಅದೇ ಮೊದಲಾಗಿ, ಹಾನಿಯಾಗುತ್ತಿದ್ದರೂ ಮುಂದುವರಿಯುತ್ತಿದ್ದರೆ ಅದಕ್ಕೆ ಹವ್ಯಾಸ ಅನ್ನುವ ಹೆಸರು ಸಲ್ಲದು. ವೀಡಿಯೊ ಗೇಮ್ ವಿಷಯದಲ್ಲಿ ಇದೇ ಲಕ್ಷಣಗಳನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳನ್ನು ವರ್ಗೀಕರಿಸುವ ತನ್ನ ಐಸಿಡಿ-11 ಪಟ್ಟಿಯಲ್ಲಿ ಕಾಯಿಲೆ ಎಂದೇ ಸೇರಿಸಿದೆ. 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಹಣ ಕಟ್ಟಿ ಆಡುವ ಆಟಗಳಿಗೂ ಇದೇ ಮಾತು. ಅಂಥವರಿಗೆ ಮಾರ್ಗದರ್ಶಿ ಸಾಲದು, ವೈದ್ಯರು ಬೇಕು.

ಹೆಜ್ಜೆ 2: 14 ದಿನ ಬರೆದಿಡಿ, ಏನನ್ನೂ ಬದಲಿಸಬೇಡಿ

ದಿನಕ್ಕೆ ಎಷ್ಟು ಹೊತ್ತು ಅಂತ ಯಾರಾದರೂ ಕೇಳಿದ್ದರೆ ‘ಒಂದು ಗಂಟೆ ಇರಬಹುದು’ ಅನ್ನುತ್ತಿದ್ದೆ, ಅದೂ ಪ್ರಾಮಾಣಿಕವಾಗಿ. ಸಣ್ಣ ನೋಟ್‌ಬುಕ್ಕೊಂದರಲ್ಲಿ 14 ದಿನ ಬರೆದಿಟ್ಟೆ. ಅದರ ಒಂದು ದಿನ ಹೀಗಿದೆ:

ಬೆಳಿಗ್ಗೆ 7:10, ಹಾಸಿಗೆಯಲ್ಲೇ ಪಜಲ್, 15 ನಿಮಿಷ. ಮಧ್ಯಾಹ್ನ ಊಟದ ಹೊತ್ತಿಗೆ ಯಾರೋ ಆಡುವುದನ್ನು ನೋಡಿದ್ದು, 25 ನಿಮಿಷ. ಮೀಟಿಂಗ್‌ನಲ್ಲಿ ಕೂತು ನಿನ್ನೆ ಕುದುರೆ ಕಳೆದುಕೊಂಡದ್ದೇ ತಲೆಯಲ್ಲಿ, ಎಷ್ಟು ಹೊತ್ತೋ ಗೊತ್ತಿಲ್ಲ. ರಾತ್ರಿ 9:40, ‘ಎರಡೇ ಆಟ’. 11:52ಕ್ಕೆ ಮುಚ್ಚಿದೆ. 19 ಆಟ.

‘ಎರಡೇ ಆಟ’ ಮತ್ತು ‘19 ಆಟ’ ಪಕ್ಕಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ಇದ್ದದ್ದನ್ನು ನೋಡಿದ ಮೇಲೆ ನನಗೆ ಬೇರೆ ಉಪದೇಶ ಬೇಕಾಗಲಿಲ್ಲ.

14 ದಿನದ ಮೊತ್ತ 30 ಗಂಟೆ. ಇದರಲ್ಲಿ ನಿಜವಾಗಿ ಆಡಿದ್ದು 19 ಗಂಟೆ. ಉಳಿದ 11 ಗಂಟೆ ಆಟದ ಅಂಚಿನದ್ದು: ವೀಡಿಯೊ ನೋಡುವುದು, ಗ್ರೂಪ್‌ನಲ್ಲಿ ಹರಟುವುದು, ರೇಟಿಂಗ್ ಪಟ್ಟಿ ತಿರುವಿಹಾಕುವುದು. ಪ್ರತಿ ಹವ್ಯಾಸಕ್ಕೂ ಇಂಥ ಅಂಚು ಇರುತ್ತದೆ. ಫೋಟೊಗ್ರಫಿಯವರಿಗೆ ಫೋಟೊ ತೆಗೆಯುವುದಕ್ಕಿಂತ ಲೆನ್ಸ್‌ಗಳ ವಿಮರ್ಶೆ ಓದುವುದರಲ್ಲಿ, ಸೈಕಲ್‌ನವರಿಗೆ ಬಿಡಿಭಾಗ ಹುಡುಕುವುದರಲ್ಲಿ, ತೋಟದವರಿಗೆ ಬೇರೆಯವರ ತೋಟದ ವೀಡಿಯೊಗಳಲ್ಲಿ. ಅಂಚನ್ನು ಬೇರೆ ಕಾಲಮ್ಮಿನಲ್ಲೇ ಬರೆಯಿರಿ, ಯಾಕೆಂದರೆ ಕೆಲವರಿಗೆ ಅಂಚನ್ನಷ್ಟೇ ಕತ್ತರಿಸಿದರೆ ಸಾಕಾಗುತ್ತದೆ, ಹವ್ಯಾಸ ಉಳಿಸಿಕೊಳ್ಳಬಹುದು.

ಬರೆಯುವಾಗ ಮೂರು ವಿಷಯ ಮರೆಯಬೇಡಿ: ಶುರುವಾದ ಸಮಯ, ಮುಗಿದ ಸಮಯ, ಮತ್ತು ಶುರು ಮಾಡುವ ಮುಂಚಿನ ಕ್ಷಣ ನೀವು ಏನು ಮಾಡುತ್ತಿದ್ದಿರಿ. ಈ ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಹೆಜ್ಜೆ 8ಕ್ಕೆ ಬಂದಾಗ ಬೇಕಾಗುವುದು ಅದೇ.

ವಾರಕ್ಕೆ ಇರುವುದು 168 ಗಂಟೆ. ನಿದ್ದೆ 56, ಉದ್ಯೋಗ ಮತ್ತು ಓಡಾಟ 55, ಮನೆಗೆಲಸ ಸ್ನಾನ ಊಟ ಮತ್ತು ಮನೆಯವರಿಗೆ 35 ಅಂತ ತೆಗೆದರೆ ಉಳಿಯುವುದು 22. ಅದರಲ್ಲಿ 15 ಗಂಟೆ ಬ್ಲಿಟ್ಜ್‌ಗೂ ಅದರ ಅಂಚಿಗೂ ಹೋಗುತ್ತಿತ್ತು. ವರ್ಷಕ್ಕೆ 780 ಗಂಟೆ.

ಹೆಜ್ಜೆ 3: ಅದು ನಿಮಗೆ ಏನು ಮಾಡಿಕೊಡುತ್ತಿತ್ತು?

ಹವ್ಯಾಸ ಸುಮ್ಮನೆ ಇಷ್ಟು ಹೊತ್ತು ತಿನ್ನುವುದಿಲ್ಲ, ಪ್ರತಿಯಾಗಿ ಏನೋ ಕೊಡುತ್ತಿರುತ್ತದೆ. ನನ್ನ ವಿಷಯದಲ್ಲಿ ಅದು ಎರಡು ಕೆಲಸ ಮಾಡುತ್ತಿತ್ತು. ಒಂದು, ಆಫೀಸಿನ ತಲೆಬಿಸಿಯನ್ನು ಒಂದೇ ಏಟಿಗೆ ಅಳಿಸಿಹಾಕುತ್ತಿತ್ತು; ಗಡಿಯಾರ ಓಡುತ್ತಿರುವಾಗ ಬೇರೇನೂ ನೆನಪಿರುವುದಿಲ್ಲ. ಎರಡು, ದಿನಕ್ಕೆ ಹತ್ತಾರು ಸಲ ‘ಗೆದ್ದೆ’ ಅನ್ನಿಸುತ್ತಿತ್ತು. ಪ್ರಬಂಧ ಬರೆಯುವವನಿಗೆ ಆರು ತಿಂಗಳಾದರೂ ಯಾರೂ ‘ಗೆದ್ದೆ’ ಅನ್ನುವುದಿಲ್ಲ.

ನಿಮ್ಮದು ಬೇರೆ ಇರಬಹುದು. ಕೆಲವರಿಗೆ ತಂಡದ ಗೆಳೆಯರು. ಕೆಲವರಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಕೂರಲು ಇರುವ ಒಂದೇ ನೆಪ. ಕೆಲವರಿಗೆ ಉದ್ಯೋಗದಲ್ಲಿ ಸಿಗದ ಗೌರವ. ಆಫೀಸಿನಲ್ಲಿ ಯಾರೂ ಕೇಳದವರು ಕ್ಲಬ್‌ನಲ್ಲಿ ದೊಡ್ಡ ಹೆಸರಾಗಿರುತ್ತಾರೆ. ಈ ಕೊನೆಯದ್ದು ಬಿಡಲು ತುಂಬ ಕಷ್ಟ, ಹೊರಗೆ ಹೇಳಿಕೊಳ್ಳಲು ಇನ್ನೂ ಕಷ್ಟ.

ಕಂಡುಕೊಂಡದ್ದನ್ನು ಬರೆದು, ಪ್ರತಿಯೊಂದಕ್ಕೂ ಒಂದು ಬದಲಿ ಗೊತ್ತು ಮಾಡಿ. ಬದಲಿ ಚಿಕ್ಕದಿರಲಿ. ತಲೆಬಿಸಿ ಅಳಿಸಲು ನಾನು ಹಿಡಿದದ್ದು 20 ನಿಮಿಷದ ಬಿರುಸು ನಡಿಗೆ, ಕಿವಿಯಲ್ಲಿ ಏನನ್ನೂ ಹಾಕಿಕೊಳ್ಳದೆ. ‘ಗೆದ್ದೆ’ಗೆ ಗೋಡೆಯ ಮೇಲೊಂದು ಕಾಗದ, ಬರೆದ ಪ್ರತಿ ಪ್ಯಾರಾಕ್ಕೂ ಒಂದು ಗೀಟು. ಬಾಲಿಶ ಅನ್ನಿಸುತ್ತದೆ, ಗೊತ್ತು. ಗೀಟು ಹಾಕಲೆಂದೇ ನಾನು ಉದ್ದದ ಪ್ಯಾರಾವನ್ನು ಎರಡಾಗಿ ಒಡೆದದ್ದೂ ಉಂಟು.

ಹೆಜ್ಜೆ 4: ಪೂರ್ತಿ ಬಿಡಬೇಕಾ, ಕಡಿಮೆ ಮಾಡಿದರೆ ಸಾಕಾ?

ನನ್ನ ಅಭಿಪ್ರಾಯ ಖಡಾಖಂಡಿತ. ತನ್ನಷ್ಟಕ್ಕೆ ಮುಗಿಯುವ ಹವ್ಯಾಸವನ್ನು ಕಡಿಮೆ ಮಾಡಬಹುದು. ಮುಗಿಯದೇ ಇರುವ ಹಾಗೆ ಕಟ್ಟಿದ ಹವ್ಯಾಸವನ್ನು ಪೂರ್ತಿ ಬಿಡಬೇಕು.

ಒಂದು ಚಾರಣ ಸಂಜೆಗೆ ಮುಗಿಯುತ್ತದೆ. ಒಂದು ಚಿತ್ರ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ, ಬಣ್ಣ ಒಣಗಲೇಬೇಕು. ತಿಂಗಳಿಗೊಂದು ಅಂತ ಇಟ್ಟುಕೊಂಡರೆ ತಿಂಗಳಿಗೊಂದೇ ಆಗುತ್ತದೆ. ಬ್ಲಿಟ್ಜ್, ಮೊಬೈಲ್ ಗೇಮ್, ಕೊನೆಯಿಲ್ಲದೆ ಸುರುಳಿ ಬಿಚ್ಚುವ ವೀಡಿಯೊಗಳು ಹಾಗಲ್ಲ. ಮುಂದಿನ ಆಟ ಒಂದು ಬಟನ್ ದೂರದಲ್ಲಿರುತ್ತದೆ, ಗೆಲುವು ಯಾವ ಆಟದಲ್ಲಿ ಬರುತ್ತದೆಂದು ಗೊತ್ತಿರುವುದಿಲ್ಲ. ಹೀಗೆ ಲೆಕ್ಕ ಸಿಗದ ಹಾಗೆ ಬರುವ ಬಹುಮಾನವೇ ಬಿಡದ ಹಾಗೆ ಕಟ್ಟಿಹಾಕುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಬಿ. ಎಫ್. ಸ್ಕಿನ್ನರ್ ಮತ್ತು ಸಿ. ಬಿ. ಫರ್ಸ್ಟರ್ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ಕಂಡು 1957ರಲ್ಲಿ ವಿವರವಾಗಿ ದಾಖಲಿಸಿದರು. ಪಾರಿವಾಳಗಳು ನಿಲ್ಲದೆ ಕುಕ್ಕುತ್ತಲೇ ಇದ್ದವು. 19 ಆಟದ ರಾತ್ರಿಗಳಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ.

‘ದಿನಕ್ಕೆ 3 ಆಟ ಮಾತ್ರ’ ಅನ್ನುವ ನಿಯಮವನ್ನು ನಾಲ್ಕು ಸಲ ಮಾಡಿಕೊಂಡಿದ್ದೆ. ಸೋತ ದಿನ 3ಕ್ಕೆ ನಿಲ್ಲಲು ಮನಸ್ಸು ಒಪ್ಪುವುದಿಲ್ಲ, ಗೆದ್ದ ದಿನವೂ ಒಪ್ಪುವುದಿಲ್ಲ. ಉಳಿದದ್ದು ಡ್ರಾ ಆದ ದಿನ.

ಬಿಡುವುದಕ್ಕೂ ಒಂದು ಅವಧಿ ಹಾಕಿ. ‘ಇನ್ನು ಜೀವಮಾನದಲ್ಲಿ ಮುಟ್ಟುವುದಿಲ್ಲ’ ಎಂಬ ಶಪಥ ಬೇಡ. 90 ದಿನ ಅನ್ನಿ. ಶುರುವಾಗುವ ದಿನಾಂಕ, ಮರುಪರಿಶೀಲನೆಯ ದಿನಾಂಕ, ಎರಡನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ.

ಹೆಜ್ಜೆ 5: ಜನರಿಗೆ ಹೇಳುವುದು

ಒಬ್ಬರೇ ಮಾಡುವ ಹವ್ಯಾಸವಾದರೆ ಈ ಹೆಜ್ಜೆ ದಾಟಿ. ತಂಡ, ಕ್ಲಬ್, ನಾಟಕದ ಗುಂಪು, ವಾದ್ಯವೃಂದ ಅಂತಿದ್ದರೆ ಸದ್ದಿಲ್ಲದೆ ಮಾಯವಾಗಬೇಡಿ. ‘ನೋಡೋಣ, ಟೈಮ್ ಸಿಕ್ಕರೆ ಬರ್ತೀನಿ’ ಎಂಬ ವಾಕ್ಯವನ್ನಂತೂ ಬಾಯಿಗೇ ತರಬೇಡಿ. ಅದರಿಂದ ಅವರೂ ನಿಮ್ಮ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದಿಲ್ಲ, ನೀವೂ ಪ್ರತಿ ವಾರ ಹೊಸದಾಗಿ ಇಲ್ಲ ಅನ್ನಬೇಕಾಗುತ್ತದೆ.

ಹೀಗೆ ಹೇಳಬಹುದು: ‘ಮುಂದಿನ ತಿಂಗಳ 1ರಿಂದ 3 ತಿಂಗಳು ನಾನು ಬರೋದಿಲ್ಲ. ಈ ತಿಂಗಳು ಒಪ್ಪಿಕೊಂಡಿದ್ದ ಎರಡು ಪಂದ್ಯ ಆಡಿಕೊಡ್ತೀನಿ. ನನ್ನ ಹತ್ತಿರ ಇರೋ ಲೆಕ್ಕದ ಪುಸ್ತಕ ಮತ್ತು ಕಿಟ್ ಯಾರಿಗೆ ಕೊಡಬೇಕು ಹೇಳಿ.’ ದಿನಾಂಕ ಇದೆ, ಬಾಕಿ ಜವಾಬ್ದಾರಿ ಇದೆ, ಹಸ್ತಾಂತರ ಇದೆ. ಕಾರಣ ಇಲ್ಲದಿರುವುದನ್ನು ಗಮನಿಸಿ. ಕಾರಣ ಕೊಟ್ಟಿರೋ, ಅದಕ್ಕೆ ಪರಿಹಾರ ಬರುತ್ತದೆ. ‘ಓದೋಕೆ ಟೈಮ್ ಬೇಕು’ ಅಂದರೆ ‘ಅಯ್ಯೋ, ಭಾನುವಾರ ಒಂದು ದಿನ ತಾನೇ ಮಾರಾಯ’ ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಅದೇ ತೊಂದರೆ.

ಗ್ರೂಪಿನ ಅಡ್ಮಿನ್ ನೀವಾಗಿದ್ದರೆ ಇನ್ನೊಬ್ಬರನ್ನು ಅಡ್ಮಿನ್ ಮಾಡಿ, ಆಮೇಲೆ ಹೊರಗೆ ಬನ್ನಿ. ಮ್ಯೂಟ್ ಮಾಡಿಕೊಂಡು ಒಳಗೇ ಇದ್ದರೆ ದಿನಕ್ಕೆ ಹತ್ತು ಸಲ ಇಣುಕುತ್ತೀರಿ. ಗೆಳೆತನ ಉಳಿಯಬೇಕು ಅನ್ನಿಸುವ ಒಬ್ಬಿಬ್ಬರಿಗೆ ಬೇರೆಯಾಗಿ ಫೋನ್ ಮಾಡಿ, ಆಟ ಬಿಟ್ಟು ಬೇರೆ ಏನಾದರೂ ಮಾತಾಡಿ. ಮಾತಾಡಲು ಬೇರೇನೂ ಸಿಗಲಿಲ್ಲವೆಂದರೆ ಅದೂ ಒಂದು ತಿಳಿವಳಿಕೆಯೇ.

ಹೆಜ್ಜೆ 6: ಸಾಮಾನು, ಅಕೌಂಟು, ಮತ್ತು ಜೀವ ಇರುವವು

ಅವಸರದಲ್ಲಿ ಮಾಡುವ ತಪ್ಪುಗಳೆಲ್ಲ ಇಲ್ಲೇ ಆಗುತ್ತವೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ಚಂದಾ. ಫೋನಿನಿಂದ ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಆ್ಯಪ್ ಸ್ಟೋರ್‌ನ ಅಥವಾ ಆ ತಾಣದ ಸೆಟ್ಟಿಂಗ್ಸ್‌ಗೆ ಹೋಗಿ ತಾನೇ ನವೀಕರಣವಾಗುವುದನ್ನು ರದ್ದು ಮಾಡಿ, ರದ್ದಾಯಿತು ಎಂಬ ಸಂದೇಶ ಬಂದ ಮೇಲೆ ಆ್ಯಪ್ ತೆಗೆಯಿರಿ. ನಾನು ಮೊದಲು ಆ್ಯಪ್ ತೆಗೆದೆ. ಮೂರು ತಿಂಗಳು ಆಡದ ಆಟಕ್ಕೆ ದುಡ್ಡು ಹೋಯಿತು.

ಆಮೇಲೆ ದಾಖಲೆ. ನಿಮ್ಮ ಆಟ, ಓಟ, ಫೋಟೊ, ಬರಹ ಏನಿದೆಯೋ ಅದನ್ನು ಡೌನ್‌ಲೋಡ್ ಮಾಡಿ ಒಂದು ಕಡೆ ಇಡಿ. ಚೆಸ್ ಆಟಗಳಾದರೆ ಪಿಜಿಎನ್ ಕಡತವಾಗಿ (ನಡೆಗಳನ್ನು ಅಕ್ಷರದಲ್ಲಿ ಬರೆದಿಡುವ ಕಡತ) ಸಿಗುತ್ತವೆ. ಸಾವಿರಾರು ಆಟವಿದ್ದರೂ ಕಡತ ಚಿಕ್ಕದು. ‘ಇಷ್ಟು ವರ್ಷದ್ದು ಹಾಳಾಗುತ್ತಲ್ಲ’ ಎಂಬ ಸಂಕಟಕ್ಕೆ ಇದು ಒಳ್ಳೆ ಮದ್ದು. ಅಕೌಂಟನ್ನೇ ಅಳಿಸಬೇಕಾ? ಬೇಡ ಅನ್ನುತ್ತೇನೆ. ಪಾಸ್‌ವರ್ಡ್ ಬದಲಿಸಿ, ಅದನ್ನು ಎಲ್ಲೂ ಉಳಿಸಿಕೊಳ್ಳದೆ, ನಂಬಿಕೆಯ ಒಬ್ಬರ ಹತ್ತಿರ ಬರೆದುಕೊಟ್ಟು 90ನೇ ದಿನ ವಾಪಸ್ ಕೇಳಿ. ಮೇಲ್ ಮೂಲಕ ಪಾಸ್‌ವರ್ಡ್ ಬದಲಿಸಬಹುದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಆ ಐದು ನಿಮಿಷದ ಕಿರಿಕಿರಿ ಸಾಕಷ್ಟು ಸಲ ತಡೆಯುತ್ತದೆ.

ಇನ್ನು ದುಡ್ಡು ಸುರಿದ ಸಾಮಾನು. ‘ಇಷ್ಟು ಖರ್ಚು ಮಾಡಿದ್ದೀನಿ, ಬಿಟ್ಟರೆ ದಂಡ’ ಎಂಬ ಮಾತಿಗೆ ಒಂದು ಹಳೆಯ ಪ್ರಯೋಗ ನೆನಪಾಗುತ್ತದೆ. ಸಂಶೋಧಕರಾದ ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ್ದು. ಒಂದು ರಂಗಮಂದಿರದ ಇಡೀ ಋತುವಿನ ಟಿಕೆಟ್ ಕೊಂಡವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಗೆ ಕೊಟ್ಟರು. ಋತುವಿನ ಮೊದಲರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರೇ ಹೆಚ್ಚು ನಾಟಕ ನೋಡಿದರು. ಎಲ್ಲರಿಗೂ ತೋರಿಸಿದ್ದು ಅದೇ ನಾಟಕ. ಎಬ್ಬಿಸಿ ಕರೆತಂದದ್ದು ಕೊಟ್ಟ ದುಡ್ಡು. ಕೊಟ್ಟದ್ದು ಹೋಯಿತು, ಆಡಿದರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಸಾಮಾನು ಮಾರಿದರೆ ಮಾತ್ರ ಒಂದಿಷ್ಟು ಬರುತ್ತದೆ.

ಹಾಗಂತ ಮೊದಲ ದಿನವೇ ಮಾರಬೇಡಿ. ಮತ್ತೆ ಸುಲಭವಾಗಿ ಸಿಗುವಂಥದ್ದನ್ನು ಮಾರಿ. ಹಳೆಯ ವಾದ್ಯ, ಯಾರೋ ಕೊಟ್ಟ ಕ್ಯಾಮೆರಾದಂಥ ಮತ್ತೆ ಸಿಗದವನ್ನು ಪೆಟ್ಟಿಗೆಗೆ ಹಾಕಿ ಟೇಪ್ ಸುತ್ತಿ, ಕೈಗೆ ಎಟುಕದ ಕಡೆ ಇಡಿ. ಕ್ಯಾಮೆರಾದ ಬ್ಯಾಟರಿ ಹೊರತೆಗೆದಿಡಿ. ತಂತಿವಾದ್ಯವಾದರೆ ತಂತಿಯನ್ನು ಸ್ವಲ್ಪ ಸಡಿಲಿಸಿ.

ಜೀವ ಇರುವವು ಬೇರೆಯೇ ಮಾತು. ಅಕ್ವೇರಿಯಂ, ಹಕ್ಕಿ, ಗಿಡ ಸಾಕುವವರು ‘ಸೋಮವಾರದಿಂದ ಬಿಟ್ಟೆ’ ಅನ್ನುವ ಹಾಗಿಲ್ಲ. ಅವಕ್ಕೆ ಮೊದಲು ಮನೆ ಹುಡುಕಬೇಕು. ಮೀನನ್ನು ಯಾವ ಕಾರಣಕ್ಕೂ ಕೆರೆಗೋ ಹೊಳೆಗೋ ಬಿಡಬೇಡಿ. ತೊಟ್ಟಿಯಲ್ಲಿ ಬೆರಳುದ್ದ ಇರುವ ಗೋಲ್ಡ್‌ಫಿಶ್ ತೆರೆದ ನೀರಿನಲ್ಲಿ ದೊಡ್ಡದಾಗಿ ಬೆಳೆದು, ತಳದ ಕೆಸರು ಕೆದಕಿ ನೀರು ಕದಡಿ, ಅಲ್ಲಿನ ಮೀನುಗಳ ಅನ್ನಕ್ಕೆ ಕಲ್ಲು ಹಾಕುತ್ತದೆ. ನಿಮ್ಮ ಹಾಗೇ ಸಾಕುವ ಇನ್ನೊಬ್ಬರಿಗೆ ತೊಟ್ಟಿ, ಫಿಲ್ಟರ್ ಸಮೇತ ಕೊಡಿ. ಇದಕ್ಕೆ ಒಂದು ತಿಂಗಳು ಹಿಡಿದರೆ ಹಿಡಿಯಲಿ, ನಿಮ್ಮ 90 ದಿನ ಆಮೇಲೆ ಶುರುವಾಗಲಿ.

ಹೆಜ್ಜೆ 7: ಗಂಟೆಗಳನ್ನು ಸಾಗಿಸುವುದು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಓದುವುದಾದರೆ ಇದನ್ನು ಓದಿ.

ಹೆಜ್ಜೆ 2ರ ಪುಟಗಳನ್ನು ತೆಗೆದು, ಹವ್ಯಾಸ ದಿನದ ಯಾವ ಹೊತ್ತಿನಲ್ಲಿತ್ತು ಅಂತ ನೋಡಿ. ಬಹಳ ಜನರಿಗೆ ಅದು ಮೂರರಲ್ಲೊಂದು ಕಡೆ ಇರುತ್ತದೆ: ಮಲಗುವ ಮುಂಚೆ, ದಿನವಿಡೀ ಚೂರುಚೂರಾಗಿ, ಅಥವಾ ರಜೆಯ ದಿನ ಒಂದೇ ದೊಡ್ಡ ತುಂಡಾಗಿ. ಮೂರಕ್ಕೂ ಉಪಾಯ ಬೇರೆ.

ರಾತ್ರಿಯದ್ದಾದರೆ, ಆ ಹೊತ್ತಿನಲ್ಲಿ ಗುರಿಯ ಕೆಲಸ ಮಾಡಲು ಹೋಗಬೇಡಿ. ನಾನು ತಿಂಗಳು ಪೂರ್ತಿ ರಾತ್ರಿ 10ಕ್ಕೆ ಪ್ರಬಂಧ ತೆರೆದು, ಒಂದೇ ವಾಕ್ಯವನ್ನು ಐದು ಸಲ ಓದಿ, ಫೋನ್ ಹಿಡಿದು ಮಲಗುತ್ತಿದ್ದೆ. ಆ ಗಂಟೆಯನ್ನು ನಿದ್ದೆಗೆ ಕೊಡಿ, ನಿದ್ದೆಯ ಇನ್ನೊಂದು ತುದಿಯಿಂದ ಅಷ್ಟೇ ಗಂಟೆಯನ್ನು ತೆಗೆದುಕೊಳ್ಳಿ. ರಾತ್ರಿ 12ಕ್ಕೆ ಮಲಗಿ 7ಕ್ಕೆ ಏಳುವವರು 10:30ಕ್ಕೆ ಮಲಗಿ 5:30ಕ್ಕೆ ಎದ್ದರೆ ನಿದ್ದೆ ಅದೇ 7 ಗಂಟೆ. ಕೈಗೆ ಬಂದದ್ದು ಯಾರೂ ಫೋನ್ ಮಾಡದ ಒಂದೂವರೆ ಗಂಟೆ.

ಇದನ್ನು ಒಂದೇ ರಾತ್ರಿಗೆ ಮಾಡಲಾಗದು. ಮೊದಲು ಏಳುವ ಹೊತ್ತನ್ನು ಹಿಂದಕ್ಕೆ ತನ್ನಿ, ಮಲಗುವ ಹೊತ್ತು ತಾನೇ ಹಿಂಬಾಲಿಸುತ್ತದೆ. ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಮುಂಚೆ ಏಳಿ. ಎದ್ದ ಕೂಡಲೇ ಬೆಳಕಿಗೆ ಹೋಗಿ ನಿಲ್ಲಿ, ದೇಹದ ಗಡಿಯಾರ ತಿರುಗುವುದು ಬೆಳಕಿನಿಂದ. ರಜೆಯ ದಿನವೂ ಅದೇ ಹೊತ್ತಿಗೆ ಏಳಿ. ಒಂದೂವರೆ ಗಂಟೆ ಸರಿಸಲು ನನಗೆ ಸುಮಾರು 3 ವಾರ ಹಿಡಿಯಿತು. ಮೊದಲ ವಾರ ಮಧ್ಯಾಹ್ನ ತೂಕಡಿಕೆ ಖಾತ್ರಿ.

ಎಲ್ಲರೂ ಮುಂಜಾನೆಯ ಜನ ಅಲ್ಲ, ಪಾಳಿಯಲ್ಲಿ ದುಡಿಯುವವರಿಗಂತೂ ಈ ಲೆಕ್ಕವೇ ಬೇರೆ. ನಿಮ್ಮ ತಲೆ ತಿಳಿಯಾಗಿರುವ ಹೊತ್ತು ಮಧ್ಯಾಹ್ನ 3 ಆಗಿದ್ದರೆ ಅಲ್ಲಿಗೇ ಸಾಗಿಸಬೇಕು. ಆ ಹೊತ್ತಿಗೆ ಮಾಡುತ್ತಿದ್ದ ತಲೆ ಬೇಡದ ಕೆಲಸಗಳನ್ನು (ಬಟ್ಟೆ ಮಡಿಸುವುದು, ಬಿಲ್ ಕಟ್ಟುವುದು) ಹವ್ಯಾಸ ಖಾಲಿ ಮಾಡಿದ ರಾತ್ರಿಗೆ ತಳ್ಳಿ. ಸೂತ್ರ ಒಂದೇ: ಬಳಲಿದ ಹೊತ್ತಿಗೆ ಬಳಲಿದ ಕೆಲಸ.

ರಜೆಯ ದಿನದ ದೊಡ್ಡ ತುಂಡಿಗೂ ಇದೇ ಸೂತ್ರ. ಭಾನುವಾರ 6 ಗಂಟೆ ಮೈದಾನದಲ್ಲಿದ್ದವರು 6 ಗಂಟೆ ಓದುತ್ತೇನೆ ಅಂದುಕೊಂಡರೆ ಎರಡನೇ ಗಂಟೆಗೇ ಆಕಳಿಕೆ ಬರುತ್ತದೆ. ಭಾನುವಾರ 2 ಗಂಟೆ ಮಾತ್ರ ಗುರಿಗೆ ಇಡಿ. ಉಳಿದ 4 ಗಂಟೆಯಲ್ಲಿ ವಾರದ ದಿನಗಳ ಮನೆಗೆಲಸ ಮುಗಿಸಿ, ಮುಂದಿನ ನಾಲ್ಕು ದಿನ ದಿನಕ್ಕೊಂದು ಗಂಟೆ ಬಿಡಿಸಿಕೊಳ್ಳಿ.

ಚೂರುಚೂರಾಗಿ ಹೋಗುತ್ತಿದ್ದ ಸಮಯ? ಅದನ್ನು ಗುರಿಗೆ ಬಳಸುವ ಆಸೆ ಬಿಟ್ಟುಬಿಡಿ. ಐದೈದು ನಿಮಿಷಗಳನ್ನು ಕೂಡಿಸಿ ಗಂಟೆ ಮಾಡಲಾಗುವುದಿಲ್ಲ. ಆ ಹೊತ್ತಿನಲ್ಲಿ ಕಿಟಕಿಯ ಹೊರಗೆ ನೋಡಿ.

ಹೆಜ್ಜೆ 8: ಮೊದಲ ಆರು ವಾರ

ಮೊದಲ ನಾಲ್ಕೈದು ದಿನ ಉಮೇದು ಇರುತ್ತದೆ. ಆಮೇಲೆ ಕೈ ತುರಿಸಲು ಶುರು. ಎರಡನೇ ವಾರದಲ್ಲಿ ನನಗೆ ಸೆಳೆತ ಮೊದಲಿಗಿಂತ ಜಾಸ್ತಿಯಾಯಿತು. ಕನಸಿನಲ್ಲೂ ಆನೆ, ಮಂತ್ರಿ. ರೂಢಿಯಾದ ಬಹುಮಾನ ಇದ್ದಕ್ಕಿದ್ದಂತೆ ನಿಂತಾಗ ಆ ವರ್ತನೆ ಕೆಲವೊಮ್ಮೆ ಆರುವ ಮುಂಚೆ ಒಂದು ಸಲ ಭುಗಿಲೇಳುವುದುಂಟು. ನನಗೇ ಯಾಕೆ ಹೀಗಾಗುತ್ತಿದೆ ಅಂತ ಗಾಬರಿಯಾಗಬೇಡಿ.

‘ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ’ ಎಂಬ ನಿರ್ಧಾರ ಈ ಹೊತ್ತಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1999ರ ಲೇಖನದಲ್ಲಿ ವಿವರಿಸಿದ ‘ಹೀಗಾದರೆ ಹೀಗೆ’ ಎಂಬ ಯೋಜನೆ ಕೆಲಸಕ್ಕೆ ಬರುತ್ತದೆ. ನಿಮ್ಮ ದಾಖಲೆಯ ಮೂರನೇ ಕಾಲಮ್ ನೋಡಿ. ನನ್ನದರಲ್ಲಿ ಹೆಚ್ಚಿನ ಸಲ ಇದ್ದದ್ದು ‘ಪಾತ್ರೆ ತೊಳೆದು ಕೈ ಒರೆಸಿಕೊಂಡು ಸೋಫಾ ಮೇಲೆ ಕೂತೆ’. ಹಾಗಾಗಿ ನನ್ನ ಸಾಲು ಇದು: ‘ಪಾತ್ರೆ ತೊಳೆದು ಕೈ ಒರೆಸಿದ ಕೂಡಲೇ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗುತ್ತೇನೆ.’ ಸೋಫಾದ ತನಕ ಹೋಗುವ ಮಾತೇ ಇಲ್ಲ. ಇಂಥವು ಎರಡು ಸಾಲು ಸಾಕು. ಹತ್ತು ಬರೆದರೆ ಒಂದೂ ನೆನಪಿರುವುದಿಲ್ಲ.

ಬೆಳಗಿನ ಹೊಸ ಕೆಲಸ ರೂಢಿಯಾಗಲು 21 ದಿನ ಸಾಕು ಅಂತ ಎಲ್ಲೆಲ್ಲೂ ಓದಿರುತ್ತೀರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಹೊಸ ರೂಢಿ ಬೆಳೆಸಿಕೊಳ್ಳುವವರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡುವಿನ ಅಂಕಿ 66 ದಿನ. ಜನರಿಂದ ಜನರಿಗೆ 18 ದಿನದಿಂದ 254 ದಿನದವರೆಗೆ ವ್ಯತ್ಯಾಸವಿತ್ತು. ಅಲ್ಲಿ ನೋಡಿದ್ದು ಹೊಸದನ್ನು ಹಿಡಿಯುವುದನ್ನು, ಹಳೆಯದನ್ನು ಬಿಡುವುದನ್ನಲ್ಲ. ಆದರೂ 22ನೇ ದಿನ ಕಷ್ಟವಾದರೆ ನಿಮ್ಮಲ್ಲೇನೋ ದೋಷವಿದೆ ಅಂದುಕೊಳ್ಳಬೇಕಿಲ್ಲ ಎನ್ನುವಷ್ಟಕ್ಕೆ ಅದು ಸಾಕು. ಒಂದು ದಿನ ತಪ್ಪಿದ್ದರಿಂದ ರೂಢಿ ಮುರಿದುಬೀಳಲಿಲ್ಲ ಎಂದೂ ಅದೇ ಅಧ್ಯಯನ ಹೇಳುತ್ತದೆ.

ಈ ಅವಧಿಯಲ್ಲಿ ಹೊಸ ಹವ್ಯಾಸ ಶುರು ಮಾಡಬೇಡಿ. ಗುರಿಗೆ ಸಂಬಂಧಿಸಿದ ಆ್ಯಪ್‌ಗಳು, ಪೆನ್ನುಗಳು, ಟೈಮರ್‌ಗಳು, ‘ಬೆಳಗಿನ ದಿನಚರಿ’ ವೀಡಿಯೊಗಳು ಸದ್ದಿಲ್ಲದೆ ಹವ್ಯಾಸವಾಗಿಬಿಡುತ್ತವೆ. ನೋಟ್ಸ್ ಬರೆಯುವ ಆ್ಯಪ್ ಆರಿಸುವುದರಲ್ಲಿ ನಾನು ಎರಡು ಬೆಳಗು ಕಳೆದಿದ್ದೇನೆ.

ಹೆಜ್ಜೆ 9: ಜಾರಿದ ದಿನ

ಜಾರುತ್ತೀರಿ. ನಾನು 31ನೇ ದಿನ ಜಾರಿದೆ, ಅತಿಥಿಯಾಗಿ ಆಡಲು ಬಿಡುವ ಒಂದು ತಾಣದಲ್ಲಿ, ಹೆಸರಿಲ್ಲದೆ, 2 ಗಂಟೆ. ಮರುದಿನ ಬೆಳಿಗ್ಗೆ ನೋಟ್‌ಬುಕ್‌ನಲ್ಲಿ ಹೊತ್ತು, ಜಾಗ, ಹಿಂದಿನ ಕ್ಷಣ ಬರೆದೆ. ಹಿಂದಿನ ಕ್ಷಣ: ಮಾರ್ಗದರ್ಶಕರು ಅಧ್ಯಾಯವನ್ನು ಕೆಂಪು ಗೆರೆ ಎಳೆದು ವಾಪಸ್ ಕಳಿಸಿದ್ದು. ಅದಕ್ಕೊಂದು ‘ಹೀಗಾದರೆ ಹೀಗೆ’ ಸಾಲು ಬರೆದು ಆ ತಾಣವನ್ನು ಬ್ಲಾಕ್ ಮಾಡಿದೆ. ದಿನದ ಎಣಿಕೆಯನ್ನು 1ಕ್ಕೆ ಇಳಿಸಲಿಲ್ಲ. 31ರ ಮುಂದೆ 32.

ಹೆಜ್ಜೆ 10: 90ನೇ ದಿನ

ಈ ದಿನ ಕೇಳಿಕೊಳ್ಳಬೇಕಾದದ್ದು ‘ಹವ್ಯಾಸ ಬಿಟ್ಟೆನಾ’ ಅಂತಲ್ಲ. ‘ಗುರಿ ಎಷ್ಟು ಸರಿಯಿತು’ ಅಂತ. ಎರಡೂ ಒಂದೇ ಅಲ್ಲ ಎಂಬುದಕ್ಕೆ ಚೆಸ್ ಇತಿಹಾಸದಲ್ಲೇ ಒಬ್ಬರಿದ್ದಾರೆ. ಅಮೆರಿಕದ ಪಾಲ್ ಮಾರ್ಫಿ 1837ರಲ್ಲಿ ಹುಟ್ಟಿದವರು, ಕಾನೂನು ಓದಿದವರು. ವಕೀಲಿಕೆಗೆ ವಯಸ್ಸು ಸಾಲದೆ ಇದ್ದ ಬಿಡುವಿನಲ್ಲಿ 1857ರಲ್ಲಿ ನ್ಯೂಯಾರ್ಕ್‌ನ ಮೊದಲ ಅಮೆರಿಕನ್ ಚೆಸ್ ಕಾಂಗ್ರೆಸ್ ಗೆದ್ದರು. ಮರುವರ್ಷ ಯುರೋಪಿಗೆ ಹೋಗಿ ಅಲ್ಲಿನ ಅಗ್ರ ಆಟಗಾರ ಅಡಾಲ್ಫ್ ಆಂಡರ್ಸನ್ ಅಂಥವರನ್ನೇ ಸೋಲಿಸಿದರು. ವಾಪಸ್ ಬಂದು, ಚೆಸ್ ವೃತ್ತಿಯಲ್ಲ ಅಂತ ಪಂದ್ಯಗಳನ್ನು ಬಿಟ್ಟು ವಕೀಲಿಕೆಗೆ ಇಳಿದರು. ಅಂತರ್ಯುದ್ಧ ಅಡ್ಡ ಬಂತು, ವಕೀಲಿಕೆ ಕುದುರಲೇ ಇಲ್ಲ. 1884ರಲ್ಲಿ, 47ನೇ ವಯಸ್ಸಿಗೆ ತೀರಿಕೊಂಡರು. ಬಿಡುವುದರಲ್ಲಿ ಅವರಷ್ಟು ಗಟ್ಟಿಯಾಗಿದ್ದವರು ಕಮ್ಮಿ. ಬಿಟ್ಟದ್ದು ತಾನಾಗಿ ಇನ್ನೊಂದನ್ನು ಕಟ್ಟಿಕೊಡಲಿಲ್ಲ.

ಆದ್ದರಿಂದ 90ನೇ ದಿನ ಗೋಡೆಯ ಗೀಟುಗಳನ್ನು ಎಣಿಸಿ. ಪುಟ, ಕಿಲೋಮೀಟರ್, ಮುಗಿಸಿದ ಪಾಠ, ನಿಮ್ಮದು ಏನೋ ಅದು. ಗುರಿ ನಿಜಕ್ಕೂ ಸರಿದಿದ್ದರೆ ಇನ್ನೊಂದು 90 ದಿನ ಹಾಕಿ. ಗಂಟೆ ಸಿಕ್ಕಿಯೂ ಸರಿಯದಿದ್ದರೆ ಹೆಜ್ಜೆ 7ಕ್ಕೆ ವಾಪಸ್ ಹೋಗಿ. ಅಲ್ಲೂ ಎಲ್ಲ ಸರಿಯಿದ್ದರೆ ಆ ಗುರಿ ನಿಮ್ಮದೇ ಹೌದಾ, ಯಾರೋ ನಿಮ್ಮ ಮೇಲೆ ಹೊರಿಸಿದ್ದಾ ಅಂತ ಯೋಚಿಸಿ. ಹಾಗಿದ್ದರೆ ಪೆಟ್ಟಿಗೆಯ ಟೇಪ್ ಬಿಚ್ಚಲು ಯಾವ ನಾಚಿಕೆಯೂ ಬೇಡ.

ಗುರಿ ಮುಟ್ಟಿದ ಮೇಲೆ ಹವ್ಯಾಸಕ್ಕೆ ಮರಳುವವರು ಅದರ ಬೇರೊಂದು ರೂಪಕ್ಕೆ ಮರಳಿ, ತಾನಾಗಿ ಮುಗಿಯುವ ರೂಪಕ್ಕೆ. ನನ್ನ ಪ್ರಬಂಧ ಮುಗಿಯಲು 11 ತಿಂಗಳು ಹಿಡಿಯಿತು. ಈಗ ವಾರಕ್ಕೊಮ್ಮೆ ಗೆಳೆಯನ ಎದುರು ಮರದ ಬೋರ್ಡ್ ಹಾಸಿ ಒಬ್ಬೊಬ್ಬರಿಗೆ ಒಂದು ಗಂಟೆಯ ಒಂದೇ ಆಟ ಆಡುತ್ತೇನೆ. ಎರಡನೇ ಆಟಕ್ಕೆ ಕಾಯಿ ಜೋಡಿಸುವ ಹೊತ್ತಿಗೆ ಅವನಿಗೆ ಮನೆಗೆ ಹೋಗುವ ಹೊತ್ತಾಗಿರುತ್ತದೆ.